ಒಂದೆಲಗ ಮತ್ತು ಇಲಿಯ ಅಂಜಿಕೆ: ಪ್ಲಸ್ ಮೇಜ್ ದಿನ

14 ಜೂನ್ 2024, ಶುಕ್ರವಾರ

ಇವತ್ತು ಒಂದೆಲಗದ ಸಾರಕ್ಕೆ ಎಲಿವೇಟೆಡ್ ಪ್ಲಸ್ ಮೇಜ್ ಪರೀಕ್ಷೆ; ಸಾರ ಇಲಿಯ ಆತಂಕ ಇಳಿಸುತ್ತದೆಯೇ ಎಂದು ನೋಡುವುದು. ಈ ಮೇಜ್ ಎಂದರೆ ನೆಲದಿಂದ ಎತ್ತರದಲ್ಲಿರುವ '+' ಆಕಾರದ ಹಾದಿ: ಎರಡು ತೋಳು ತೆರೆದವು, ಎರಡಕ್ಕೆ ಗೋಡೆ. ಅಂಜಿದ ಇಲಿ ಗೋಡೆಯ ತೋಳಿನಲ್ಲೇ ಉಳಿಯುತ್ತದೆ, ಅಂಜಿಕೆ ಇಳಿದರೆ ತೆರೆದ ತೋಳಿಗೆ ಹೆಚ್ಚು ಬರುತ್ತದೆ. ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಇದನ್ನು ಶುರುಮಾಡುವಂತಿಲ್ಲ. ಅದು ಸಿಕ್ಕ ಮೇಲೂ ಮೊದಲ ತಕರಾರು ಗಿಡದ್ದೇ. ಅಂಗಡಿಯ ಬ್ರಾಹ್ಮಿ ಪುಡಿ ಒಂದೆಲಗದ್ದೋ ನೀರುಬ್ರಾಹ್ಮಿಯದ್ದೋ ಎಂದು ಕಣ್ಣಲ್ಲಿ ನೋಡಿ ಹೇಳಲಾಗದು. ಒಳಗಿನ ರಾಸಾಯನಿಕ ಬೇರೆ: ಒಂದೆಲಗದಲ್ಲಿ ಏಷ್ಯಾಟಿಕೋಸೈಡ್, ನೀರುಬ್ರಾಹ್ಮಿಯಲ್ಲಿ ಬ್ಯಾಕೋಸೈಡ್. ಹಾಗಾಗಿ ಹಸಿ ಗಿಡವನ್ನೇ ತಂದು, ಸಸ್ಯಶಾಸ್ತ್ರಜ್ಞರಿಂದ ಗುರುತು ಹಿಡಿಸಿ, ಒಂದು ಮಾದರಿಯನ್ನು ಹರ್ಬೇರಿಯಂ (ಒಣಸಸ್ಯ ಸಂಗ್ರಹ) ಹಾಳೆಗೆ ಅಂಟಿಸಿ ನಂಬರ್ ಹಾಕಿಡಬೇಕು.

ಎಲೆಯನ್ನು ನೆರಳಲ್ಲಿ ಒಣಗಿಸಿ, ತರಿತರಿಯಾಗಿ ಪುಡಿಮಾಡಿ, 70% ಆಲ್ಕೋಹಾಲ್‌ನಲ್ಲಿ ನೆನೆಸಿ ಸೋಸಿದ್ದಾಯಿತು. ದ್ರಾವಕ ತೆಗೆಯುವಾಗ ಬಿಸಿ 50 ಡಿಗ್ರಿ ದಾಟಬಾರದು. ಕೊನೆಗೆ ಉಳಿಯುವುದು ಕಡುಹಸಿರು ಅಂಟು. ಅದು ನೀರಿನಲ್ಲಿ ಸರಿಯಾಗಿ ಕರಗದು, 0.5% ಸಿಎಂಸಿ (ನೀರನ್ನು ಮಂದಗೊಳಿಸುವ ಪುಡಿ) ದ್ರಾವಣದಲ್ಲಿ ತೇಲಿಸಬೇಕು. ಸಿಎಂಸಿ ಪುಡಿಯನ್ನು ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ. ತಿರುಗುವ ನೀರಿಗೆ ಚಿಟಿಕೆ ಚಿಟಿಕೆಯಾಗಿ ಉದುರಿಸಬೇಕು.

ಡೋಸ್ ಲೆಕ್ಕ: ಕೆಜಿಗೆ 200 ಮಿಗ್ರಾಂ, ಪ್ರಮಾಣ ಕೆಜಿಗೆ 10 ಮಿಲಿ ಎಂದರೆ ಮಿಲಿಗೆ 20 ಮಿಗ್ರಾಂ ಸಾಂದ್ರತೆ. 25 ಗ್ರಾಂ ತೂಕದ ಬಿಳಿ ಸುಂಡಿಲಿಗೆ 0.25 ಮಿಲಿ. ಪ್ರತಿ ಸಲ ಸಿರಿಂಜಿಗೆ ಎಳೆಯುವ ಮುನ್ನ ಸೀಸೆಯನ್ನು ಕುಲುಕದಿದ್ದರೆ ಸಾರ ತಳ ಸೇರಿ, ಮೊದಲ ಇಲಿಗೆ ತಿಳಿ, ಕೊನೆಯದಕ್ಕೆ ಗಸಿ. ಗುಂಪುಗಳು ಐದು: ಬರೀ ಸಿಎಂಸಿ, ಡಯಾಜೆಪಾಮ್ (ಆತಂಕ ಇಳಿಸುವ ಪರಿಚಿತ ಔಷಧಿ) ಕೆಜಿಗೆ 1 ಮಿಗ್ರಾಂ, ಸಾರ ಕೆಜಿಗೆ 100, 200, 400 ಮಿಗ್ರಾಂ. ಬಾಯಿಯ ಮೂಲಕ ಕೊಟ್ಟು ಒಂದು ಗಂಟೆಗೆ ಪರೀಕ್ಷೆ. ಒಂದು ಗುಂಪನ್ನು ಪೂರ್ತಿ ಬೆಳಿಗ್ಗೆ, ಇನ್ನೊಂದನ್ನು ಸಂಜೆ ಮುಗಿಸುವುದು ಬೇಡ; ಹೊತ್ತು ಬದಲಾದರೆ ಇಲಿಯ ವರ್ತನೆಯೂ ಬದಲಾಗುತ್ತದೆ. ಎಲ್ಲ ಗುಂಪುಗಳನ್ನೂ ಬೆರೆಸಿ ಸರದಿ ಹಾಕಬೇಕು. ವಿಡಿಯೊ ನೋಡಿ ಎಣಿಸುವವರಿಗೆ ಯಾವುದು ಯಾವ ಗುಂಪಿನದೆಂದು ತಿಳಿದಿರಬಾರದು.

ಮೇಜ್‌ನ ತೋಳು 30×5 ಸೆಂಮೀ, ಮುಚ್ಚಿದ ತೋಳಿನ ಗೋಡೆ 15 ಸೆಂಮೀ. ಇಲಿಯನ್ನು ನಡುವೆ, ತೆರೆದ ತೋಳಿನ ಕಡೆ ಮುಖಮಾಡಿ ಬಿಟ್ಟು ಐದು ನಿಮಿಷ ಚಿತ್ರೀಕರಣ. ನಾಲ್ಕೂ ಪಾದ ಒಳಗಿದ್ದರೆ ಮಾತ್ರ 'ಪ್ರವೇಶ'. ಮೂತಿ ಚಾಚಿ ಅಂಚು ಮೂಸಿ ಹಿಂದೆ ಸರಿದದ್ದು ಪ್ರವೇಶವಲ್ಲ. ಕೆಳಗೆ ಬಿದ್ದ ಇಲಿಯ ಲೆಕ್ಕ ಬಿಡಬೇಕು. ಪ್ರತಿ ಇಲಿಯ ನಂತರ ಆಲ್ಕೋಹಾಲ್‌ನಿಂದ ಒರೆಸಿ ಪೂರ್ತಿ ಒಣಗಲು ಬಿಡಬೇಕು, ಹಿಂದಿನದರ ವಾಸನೆ ಮುಂದಿನದನ್ನು ಹೆದರಿಸೀತು.

ಉದಾಹರಣೆಗೆ ಇಲಿ ತೆರೆದ ತೋಳಿನಲ್ಲಿ 60 ಸೆಕೆಂಡು, ಮುಚ್ಚಿದ್ದರಲ್ಲಿ 180, ಉಳಿದದ್ದು ನಡುವೆ ಕಳೆದರೆ, ತೆರೆದ ತೋಳಿನ ಪಾಲಿಗೆ ನಡುವಿನ ಹೊತ್ತು ಬಿಟ್ಟು ಲೆಕ್ಕ: 60ನ್ನು 240ರಿಂದ ಭಾಗಿಸಿದರೆ ಶೇ. 25. ಈ ಒಂದೇ ಅಂಕಿ ಹಿಡಿದು ಕುಣಿಯುವವರೇ ಜಾಸ್ತಿ. ಜೊತೆಗೆ ಮುಚ್ಚಿದ ತೋಳಿನ ಪ್ರವೇಶಗಳನ್ನೂ ನೋಡಲೇಬೇಕು. ಅವು ಕಡಿಮೆಯಾಗಿದ್ದರೆ ಸಾರ ಆತಂಕ ಇಳಿಸುವ ಬದಲು ಇಲಿಗೆ ತೂಕಡಿಕೆ ತಂದಿರಬಹುದು. ತೆರೆದ ತೋಳಿನಲ್ಲೇ ಮುದುಡಿ ಕೂತರೂ ಸೆಕೆಂಡು ಏರುತ್ತವಲ್ಲ! 400ರ ಡೋಸ್‌ನಲ್ಲಿ ಈ ಅನುಮಾನ ಇದ್ದೇ ಇರಬೇಕು. ಬಯಲು ಪೆಟ್ಟಿಗೆಯಲ್ಲಿ (ಓಪನ್ ಫೀಲ್ಡ್, ಇಲಿ ಓಡಾಡುವ ತೆರೆದ ಪೆಟ್ಟಿಗೆ) ಓಡಾಟ ಅಳೆದು ಖಚಿತಪಡಿಸಿಕೊಳ್ಳಬೇಕು.

'ಔಷಧಿಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ' ಎಂಬ ಯೋಜನೆ ಇಲ್ಲಿ ನಡೆಯದು. ಒಮ್ಮೆ ಮೇಜ್ ಕಂಡ ಇಲಿಗೆ ಎರಡನೇ ಸಲ ಡಯಾಜೆಪಾಮ್ ಕೂಡ ನಾಟುವುದಿಲ್ಲ.

ಮನುಷ್ಯರ ಮೇಲೂ ಒಂದೆಲಗ ನೋಡಿದ್ದಾರೆ. 2000ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 40 ಆರೋಗ್ಯವಂತರಿದ್ದರು. ಒಂದೇ ಸಲಕ್ಕೆ 12 ಗ್ರಾಂ ತೆಗೆದುಕೊಂಡವರು ದಿಢೀರ್ ಸದ್ದಿಗೆ ಬೆಚ್ಚುವುದು ಅರ್ಧ ಗಂಟೆ, ಒಂದು ಗಂಟೆಯ ಹೊತ್ತಿಗೆ ಕಡಿಮೆಯಾಗಿತ್ತು. ಅವರೇ ಹೇಳಿಕೊಂಡ ಮನಸ್ಥಿತಿಯಲ್ಲಿ ಮಾತ್ರ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಊಟದ ತಂಬುಳಿಗೂ ಈ ಪ್ರಮಾಣಕ್ಕೂ ತಾಳೆ ಹಾಕುವಂತಿಲ್ಲ.

ಸೋಮವಾರ ಬಯಲು ಪೆಟ್ಟಿಗೆ. ಇಲಿಗಳು ಹೊಸವು, ಗುಂಪುಗಳು ಅವೇ.