ಓಡುತ್ತಿದ್ದ ಎಂಜಿನ್ ಬಿಚ್ಚಿದ ದಿನ

ಮೇ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ದೋಣಿಯ ಎಂಜಿನ್ ಕಳಚಿ ತಂದು, ಮನೆಯ ಹಿಂದೆ ತೆಂಗಿನ ಮರಕ್ಕೆ ಬಿಗಿದ ಹಲಗೆಗೆ ಸಿಕ್ಕಿಸಿದೆ. ಅಪ್ಪ ಜಗಲಿಯಲ್ಲಿ ಹರಿದ ಬಲೆ ಸರಿಪಡಿಸುತ್ತಿದ್ದರು.

"ನಿನ್ನೆಯೂ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗಿದೆ. ನೀರೂ ಸರಿಯಾಗಿ ಹೊಡೆಯುತ್ತಿದೆ. ಓಡುವ ಎಂಜಿನ್ನಿಗೆ ಯಾಕೆ ಕೈ ಹಾಕುತ್ತೀ ಮಾರಾಯ?" ಎಂದರು.

ಮೂವತ್ತು ವರ್ಷ ಕಡಲಿಗೆ ಹೋದವರ ಮಾತು. ನಾನು ಉತ್ತರ ಕೊಡದೆ ಸ್ಪ್ಯಾನರ್ ಎತ್ತಿಕೊಂಡೆ.

ನಮ್ಮದು ಕಾಸರಗೋಡು ಜಿಲ್ಲೆಯ ಕುಂಬಳೆಯ ಕಡಲ ಕರೆ, ಅಂದರೆ ದಡ. ಫೈಬರ್ ದೋಣಿ, ಅದರ ಹಿಂಬದಿಗೆ ಸಿಕ್ಕಿಸುವ 9.9 ಎಚ್‌ಪಿಯ ಔಟ್‌ಬೋರ್ಡ್ ಎಂಜಿನ್. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತೇವೆ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ, 52 ದಿನ, ಬಲೆ ಎಳೆದುಕೊಂಡು ಹೋಗುವ ದೊಡ್ಡ ಟ್ರಾಲ್ ಬೋಟುಗಳು ಕಡಲಿಗಿಳಿಯುವಂತಿಲ್ಲ. ನಮ್ಮಂಥ ಸಣ್ಣ ದೋಣಿಗಳಿಗೆ ಆ ನಿರ್ಬಂಧವಿಲ್ಲ. ಮೀನಿಗೆ ಬೆಲೆ ಬರುವುದು ಆಗಲೇ, ಕಡಲು ಕೆರಳುವುದೂ ಆಗಲೇ.

ಹೋದ ಜುಲೈಯಲ್ಲಿ ಶಿರಿಯ ಹೊಳೆಯ ಅಳಿವೆಯೊಳಗೆ ನುಗ್ಗುವ ಹೊತ್ತಿಗೆ ಸರಿಯಾಗಿ ಎಂಜಿನ್ ನಿಂತಿತ್ತು. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪೈಪಿನ ನಡುವೆ ಕೈಯಲ್ಲಿ ಹಿಚುಕುವ ರಬ್ಬರ್ ಬಲ್ಬ್ ಇರುತ್ತದಲ್ಲ, ಅದರ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಹೊರಗೆ ಒಂದು ಹನಿಯೂ ಸೋರುತ್ತಿರಲಿಲ್ಲ. ಒಳಗೆ ಮಾತ್ರ ಗಾಳಿ ಎಳೆದುಕೊಳ್ಳುತ್ತಿತ್ತು. ಹಿಂದಿನಿಂದ ತೆರೆ ಎದ್ದು ಬರುತ್ತಿತ್ತು. ಮಾವ ಹುಟ್ಟು ಒತ್ತಿ ಹಿಡಿದು ದೋಣಿ ಅಡ್ಡ ತಿರುಗದಂತೆ ನೋಡಿಕೊಂಡರು, ಅಪ್ಪ ಹಗ್ಗ ಎಳೆಯುತ್ತಲೇ ಇದ್ದರು, ನಾನು ಮಂಡಿಯೂರಿ ಕುಳಿತು ಆ ಬಲ್ಬನ್ನು ಹಿಚುಕಿದೆ. ಎಂಜಿನ್ ಮತ್ತೆ ಹಿಡಿಯಿತು. ಹೊಳೆಯೊಳಗೆ ಬಂದು ದೋಣಿ ಕಟ್ಟುವವರೆಗೂ ಹಿಚುಕುವುದನ್ನು ಬಿಡಲಿಲ್ಲ. ರಾತ್ರಿ ಅನ್ನ ಕಲಸಲು ಬೆರಳು ಮಡಚಲಾಗಲಿಲ್ಲ. ಆ ಬಲ್ಬ್ ಎಂಜಿನ್ ಕೊಂಡ ವರ್ಷದ್ದು.

ಈ ವರ್ಷ ರಬ್ಬರಿನದೆಲ್ಲವನ್ನೂ ಮಳೆಗೆ ಮೊದಲೇ ಬದಲಿಸಬೇಕೆಂದು ನಿಶ್ಚಯಿಸಿದ್ದೆ. ಶನಿವಾರ ಮಂಗಳೂರಿನ ಬಂದರಿಗೆ ಹೋಗಿ ಪೈಪ್, ಬಲ್ಬ್, ಪ್ಲಗ್, ಉಪ್ಪುನೀರಿಗೆ ತಾನು ಸವೆದು ಎಂಜಿನ್ನಿನ ಲೋಹ ಉಳಿಸುವ ಸತುವಿನ ತುಂಡು, ಎಂಜಿನ್ ತಣಿಸಲು ನೀರೆತ್ತುವ ಪಂಪಿನ ರಬ್ಬರ್ ಚಕ್ರ ಇಂಪೆಲ್ಲರ್ ತಂದೆ. ಅಂಗಡಿಯವರು ಅರ್ಧ ಬೆಲೆಯ ಇನ್ನೊಂದು ಇಂಪೆಲ್ಲರನ್ನೂ ತೋರಿಸಿದ್ದರು. ಅದರ ರೆಕ್ಕೆಯನ್ನು ಮಡಚಿ ಬಿಟ್ಟರೆ ನಿಧಾನವಾಗಿ, ಮನಸ್ಸಿಲ್ಲದವರಂತೆ ನೆಟ್ಟಗಾಯಿತು. ಬೇಡವೆಂದೆ.

ಪಂಪ್ ಇರುವುದು ಎಂಜಿನ್ನಿನ ನೀರಿಗಿಳಿಯುವ ಕಾಲಿನೊಳಗೆ. ಅದನ್ನು ಮುಟ್ಟಬೇಕಾದರೆ ದೋಣಿ ತಳ್ಳುವ ಫ್ಯಾನಿನ ಕಡೆಯ ಗೇರ್ ಬಾಕ್ಸನ್ನೇ ಕೆಳಗಿಳಿಸಬೇಕು. ಒಂದು ಬೋಲ್ಟ್ ಉಪ್ಪು ಹಿಡಿದು ಬಿಗಿದಿತ್ತು. ಬಲ ಹಾಕಿದರೆ ತಲೆ ಮುರಿದು ಬುಡ ಒಳಗೇ ಉಳಿಯುತ್ತದೆ, ಆಮೇಲೆ ಲೇತ್‌ನವರೇ ಗತಿ. ಸೀಮೆಎಣ್ಣೆ ಬಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮತ್ತೆ ಎಣ್ಣೆ ಬಿಟ್ಟು ಕಾದೆ. ಗಂಜಿ ಉಂಡು ಬಂದ ಮೇಲೆ 'ಟಕ್' ಎಂದು ಸಡಿಲವಾಯಿತು. ಗೇರ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿರಲಿಲ್ಲ. ಸೀಲ್ ಗಟ್ಟಿಯಿದೆ, ಒಳಗೆ ನೀರು ಹೋಗಿಲ್ಲ. ದೊಡ್ಡ ಸಮಾಧಾನ.

ಹಳೆಯ ಇಂಪೆಲ್ಲರ್ ಕೈಗೆ ಬಂತು. ಅಂಗೈಯಲ್ಲಿ ಅಡಗುವ ಕಪ್ಪು ರಬ್ಬರ್ ಹೂವಿನಂಥ ವಸ್ತು. ಹೊಸದರ ರೆಕ್ಕೆಗಳು ನೆಟ್ಟಗೆ ನಿಂತಿರುತ್ತವೆ. ಇದರವು ಹೊರಗೆ ತೆಗೆದ ಮೇಲೂ ಒಂದೇ ಕಡೆಗೆ ಬಾಗಿ ಮಲಗಿದ್ದವು. ಬೆರಳಿನಿಂದ ಹಿಂದಕ್ಕೆ ಮಡಚಿದಾಗ ಬುಡದ ಬಿರುಕು ಬಾಯಿ ತೆರೆಯಿತು. ಒಂದಲ್ಲ, ಮೂರು ರೆಕ್ಕೆಗಳಲ್ಲಿ.

ಎದ್ದು ಹೋಗಿ ಅಪ್ಪನ ಕೈಗೆ ಕೊಟ್ಟೆ. ಅವರು ಬಲೆ ಕೆಳಗಿಟ್ಟು, ಕನ್ನಡಕ ಹಾಕಿ, ಒಂದೊಂದು ರೆಕ್ಕೆಯನ್ನೂ ಮಡಚಿ ನೋಡಿದರು.

"ಇದರಲ್ಲೇ ನಿನ್ನೆ ನೀರು ಹೊಡೆದದ್ದಾ?"

"ಇದರಲ್ಲೇ."

ಒಂದು ರೆಕ್ಕೆ ಕಿತ್ತು ಹೋದರೆ ಆ ತುಂಡು ನೀರಿನ ದಾರಿಯಲ್ಲಿ ಮೇಲೇರಿ ಎಲ್ಲೋ ಅಡ್ಡ ಸಿಕ್ಕಿಕೊಳ್ಳುತ್ತದೆ. ಆಮೇಲೆ ಹೊಸ ಇಂಪೆಲ್ಲರ್ ಹಾಕಿದರೂ ನೀರು ಪೂರ್ತಿ ಬರುವುದಿಲ್ಲ, ಆ ತುಂಡನ್ನು ಹುಡುಕಿ ತೆಗೆಯಲೇಬೇಕು. ಅಷ್ಟರೊಳಗೆ ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಂಡರೆ ಒಂದು ಮಳೆಗಾಲದ ದುಡಿಮೆಯೇ ಹೋಯಿತು. ಇದು ಅಪ್ಪನಿಗೆ ಗೊತ್ತಿಲ್ಲದ್ದೇನೂ ಅಲ್ಲ. ಆದರೆ ಕೆಟ್ಟಾಗ ರಿಪೇರಿ ಮಾಡುವುದು ನಮ್ಮ ಕರೆಯ ರೂಢಿ. ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಬಂದ ರೂಢಿ. ಅದನ್ನು ತಪ್ಪೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಮಧ್ಯಾಹ್ನದ ಮೇಲೆ ಇಬ್ಬರೂ ಸೇರಿ ಕೂಡಿಸಿದೆವು. ಅಪ್ಪ ಷಾಫ್ಟನ್ನು ಮೆಲ್ಲಗೆ ತಿರುಗಿಸುತ್ತಾ ಹೋದರು, ನಾನು ಗ್ರೀಸ್ ಸವರಿದ ರೆಕ್ಕೆಗಳನ್ನು ಒಂದೇ ದಿಕ್ಕಿಗೆ ಮಡಚುತ್ತಾ ಪಂಪಿನ ಮುಚ್ಚಳ ಕೂರಿಸಿದೆ. ಇಂಪೆಲ್ಲರನ್ನು ಷಾಫ್ಟಿಗೆ ಹಿಡಿದಿಡುವ ಅರ್ಧಚಂದ್ರದ ಸಣ್ಣ ಕೀ ಮರಳಿಗೆ ಬಿದ್ದರೆ ಸಿಗದೆಂದು ಕೆಳಗೆ ಅಮ್ಮನ ಹಳೆಯ ಸೀರೆ ಹಾಸಿದ್ದೆ. ಅರ್ಧ ಸವೆದಿದ್ದ ಸತು ತೆಗೆದು ಹೊಸದು ಹಾಕಿದೆವು. ಬೋಲ್ಟುಗಳ ಎಳೆಗಳಿಗೆಲ್ಲ ಗ್ರೀಸ್ ಹಚ್ಚಿದ್ದು ಅಪ್ಪನೇ.

ಎಂಜಿನ್ನಿನ ಕಾಲನ್ನು ಡ್ರಮ್ಮಿನ ಬಾವಿ ನೀರಿನಲ್ಲಿ ಮುಳುಗಿಸಿ ಹಗ್ಗ ಎಳೆದೆ. ಪಕ್ಕದ ತೂತಿನಿಂದ ನೀರು ಚಿಮ್ಮಿ ತೆಂಗಿನ ಬುಡದವರೆಗೆ ಹೋಯಿತು. ಅಪ್ಪ ಅಂಗೈ ಒಡ್ಡಿ ಸುಮಾರು ಹೊತ್ತು ಹಾಗೇ ನಿಂತರು. ಕೈ ಒರೆಸಿಕೊಳ್ಳುತ್ತಾ ಹೇಳಿದರು:

"ಲಂಗರಿನ ಹಗ್ಗಕ್ಕೂ ಮೂರು ವರ್ಷವಾಯಿತು. ನಾಳೆ ಅದನ್ನೂ ಒಮ್ಮೆ ಬಿಡಿಸಿ ನೋಡುವ."