ಅಕ್ಕನ ತೋಳಿನ ಮೇಲಿನ ಗೆರೆ

14 ನವೆಂಬರ್ 2024, ರಾತ್ರಿ 11

ಅಕ್ಕನ ಬಿಪಿ 154/98. ಹತ್ತು ನಿಮಿಷ ಕೂರಿಸಿ ಮತ್ತೆ ನೋಡಿದೆ, ಹೆಚ್ಚುಕಮ್ಮಿ ಅಷ್ಟೇ. ಪಟ್ಟಿ ಬಿಚ್ಚಿದ ಮೇಲೆ ತೋಳಲ್ಲಿ ಕೆಂಪಗೆ ಗೆರೆ ಉಳಿದಿತ್ತು. ಅದನ್ನು ಉಜ್ಜಿಕೊಳ್ಳುತ್ತಾ, "ಲಕ್ವ ಹೊಡೆಯೋದು ವಯಸ್ಸಾದ ಗಂಡಸರಿಗೆ ಕಣೇ, ನನಗಿನ್ನೂ 44" ಅಂದಳು.

ಸಿಟ್ಟು ಬಂತು. ಆದರೆ ಅವಳಿಗೆ ಕಣ್ಣ ಮುಂದೆ ಬಂದದ್ದು ಅಪ್ಪ, ನನಗೂ ಅಷ್ಟೇ. 71ರಲ್ಲಿ, ಬಾಯಿ ಒಂದು ಕಡೆ ಸೊಟ್ಟಗಾಗಿ, ಲೋಟ ಹಿಡಿಯೋಕೆ ಬಾರದೆ. ವಯಸ್ಸಿನ ಮಾತು ಸುಳ್ಳಲ್ಲ, 55 ದಾಟಿದ ಮೇಲೆ ಹತ್ತು ವರ್ಷಕ್ಕೊಮ್ಮೆ ಸ್ಟ್ರೋಕ್ ಅಪಾಯ ಸುಮಾರು ಎರಡು ಪಟ್ಟಾಗುತ್ತಾ ಹೋಗುತ್ತದೆ. ನಡುವಯಸ್ಸಿನಲ್ಲಿ ಗಂಡಸರಿಗೇ ಜಾಸ್ತಿ, ಅದೂ ನಿಜ. ಆದರೆ ಇಡೀ ಆಯಸ್ಸಿನ ಲೆಕ್ಕ ಹಿಡಿದರೆ 25 ದಾಟಿದವರಲ್ಲಿ ನಾಲ್ವರಿಗೆ ಒಬ್ಬರಂತೆ, ಗಂಡಿಗೂ ಹೆಣ್ಣಿಗೂ ಹತ್ತಿರ ಹತ್ತಿರ ಒಂದೇ.

ಇನ್ನು ಹೆಂಗಸರಿಗೆ ಮಾತ್ರ ಇರೋ ಕಾರಣಗಳು ಬೇರೆ. ಅಕ್ಕ ಎರಡನೇ ಸಲ ಬಸುರಿಯಾಗಿದ್ದಾಗ ಬಿಪಿ ಏರಿ, ಕಾಲು ಊದಿಕೊಂಡು, ದಿನ ತುಂಬೋ ಮೊದಲೇ ಹೆರಿಗೆ ಮಾಡಿಸಬೇಕಾಯ್ತು. "ಅದು ಆಗಲೇ ಇಳೀತಲ್ಲ" ಅಂತಾಳೆ. ಇಳೀತು, ಆದರೆ ಹಾಗೆ ಏರಿದವರಿಗೆ ಎಷ್ಟೋ ವರ್ಷ ಆದಮೇಲೂ ಸ್ಟ್ರೋಕ್ ಭಯ ಉಳಿದವರಿಗಿಂತ ಜಾಸ್ತಿ. ಮೈಗ್ರೇನ್ ಬೇರೆ ಇದೆ. ತಲೆನೋವಿಗೆ ಮುಂಚೆ ಕಣ್ಣೆದುರು ಮಿಂಚಿನಂಥ ಅಂಕುಡೊಂಕು ಗೆರೆ ಹರಿದಾಡುತ್ತೆ ಅಂತ ಕಾಲೇಜಿನಿಂದ ಹೇಳ್ತಾಳೆ. ಆ ಥರದ ಮೈಗ್ರೇನೂ ಅಪಾಯ ಏರಿಸುತ್ತೆ. ಇಷ್ಟು ವರ್ಷ ಇವೆಲ್ಲ ಬೇರೆ ಬೇರೆ ಡಾಕ್ಟರ ಚೀಟಿಗಳಲ್ಲಿ ಉಳಿದವು. ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇಲ್ಲ, ನಾನೂ ನೋಡಲಿಲ್ಲ.

ಬಂದ ಮೇಲೆ ಓದುತ್ತಾ ಕೂತೆ. ಅಮೆರಿಕದಲ್ಲಿ ಕಪ್ಪು ಜನರಿಗೆ ಮೊದಲ ಸ್ಟ್ರೋಕ್ ಆಗೋ ಸಂಭವ ಬಿಳಿಯರಿಗಿಂತ ಸುಮಾರು ಎರಡು ಪಟ್ಟು. ರಕ್ತದಲ್ಲೇ ಬಂದದ್ದು ಅಂದುಬಿಡೋದು ಸುಲಭ. ಆದರೆ ಬಿಪಿ, ಶುಗರ್, ಬಡತನ ಇವನ್ನು ಲೆಕ್ಕಕ್ಕೆ ತಗೊಂಡರೆ ಆ ಅಂತರದಲ್ಲಿ ದೊಡ್ಡ ಪಾಲು ಅಲ್ಲೇ ಸಿಗುತ್ತೆ, ಪೂರ್ತಿ ಅಲ್ಲದಿದ್ದರೂ. ಬಿಪಿ ಇಳಿಸಬಹುದಾದದ್ದು. ಅದಕ್ಕೇ ಹೊಟ್ಟೆ ಉರಿಯುತ್ತೆ.

ನಾನು ಕೂಗಾಡಬಾರದಿತ್ತು. ಅವಳು ಹೆದರಿದಳು ಅನ್ಸುತ್ತೆ, ಬಾಗಿಲ ತನಕವೂ ಬರಲಿಲ್ಲ. ಮೆಷಿನ್ ಅಲ್ಲೇ ಬಿಟ್ಟು ಬಂದೆ.

ಈಗ ಮೆಸೇಜ್ ಬಂತು. "149/95. ಶನಿವಾರ ಡಾಕ್ಟರ ಹತ್ರ ನೀನೂ ಬಾ." ಹಳೇ ಹೆರಿಗೆ ಫೈಲ್ ಎಲ್ಲಿದೆ ಅಂತ ಕೇಳಬೇಕು, ಅಮ್ಮನ ಬೀರುವಿನಲ್ಲೇ ಇರಬಹುದು, ಇಲ್ಲಾ