ಕೈಗೆ ಎಟುಕುವ ಹುಟ್ಟುಹಬ್ಬ

9 ಫೆಬ್ರವರಿ 2025, ಭಾನುವಾರ

ಮುಂದಿನ ಭಾನುವಾರ ಮಗಳಿಗೆ ಆರು ತುಂಬುತ್ತದೆ. ಹನ್ನೆರಡು ಮಕ್ಕಳು ಬರುತ್ತಾರೆ. ಅವರಲ್ಲಿ ಇಬ್ಬರು ಇನ್ನೂ ಮೂರು ದಾಟದವರು, ಅಕ್ಕ ಅಣ್ಣಂದಿರ ಬೆನ್ನಿಗೇ ಬರುವವರು. ಅಲಂಕಾರ, ತಿಂಡಿ, ಹೋಗುವಾಗ ಕೈಗೆ ಕೊಡುವ ಉಡುಗೊರೆ, ಎಲ್ಲವನ್ನೂ ಈ ಸಲ ಮನೆಯಲ್ಲೇ ಮಾಡೋಣ ಅಂತ ಮಾತಾಗಿದೆ.

ಮಕ್ಕಳ ಪಾರ್ಟಿಗಳಲ್ಲಿ ಒಂದು ವಿಷಯ ನನ್ನನ್ನು ಕಾಡುತ್ತಲೇ ಇತ್ತು. ಅಲಂಕಾರವೆಲ್ಲ ದೊಡ್ಡವರ ತಲೆಯ ಮೇಲಿರುತ್ತದೆ. ಫೋಟೋದಲ್ಲಿ ಚೆನ್ನಾಗಿ ಬರುತ್ತದೆ, ನಿಜ. ಆದರೆ ಆರು ವರ್ಷದ ಮಗುವಿನ ಕಣ್ಣು ನೆಲದಿಂದ ಹೆಚ್ಚುಕಮ್ಮಿ ಒಂದು ಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿಗೆ ಕಾಣುವುದು ಮೇಜಿನ ಅಂಚು, ಕುರ್ಚಿಯ ಬೆನ್ನು, ದೊಡ್ಡವರ ಮೊಣಕಾಲು. ಯಾವುದಾದರೂ ಚಂದದ್ದು ಕೈಗೆ ಸಿಕ್ಕಿತು ಅಂದರೆ ತಕ್ಷಣ "ಮುಟ್ಟಬೇಡ, ಹರಿದುಹೋಗುತ್ತೆ" ಅನ್ನುವ ಮಾತು. ಯಾರ ಹಬ್ಬ ಇದು?

ಹಾಗಾಗಿ ನಮ್ಮ ಮನೆಯಲ್ಲಿ ಈ ಸಲ ಅಲಂಕಾರವೇ ಉಡುಗೊರೆ. ಮಕ್ಕಳಿಗಾಗಿ ಮಾಡಿದ್ದೆಲ್ಲ ಅವರ ಕೈಗೆ ಎಟುಕಬೇಕು. ಆಟ ಮುಗಿದ ಮೇಲೆ ಗೋಡೆಯಿಂದ ಬಿಡಿಸಿಕೊಂಡು ಮನೆಗೆ ಒಯ್ಯುವಂತಿರಬೇಕು. ಬೇರೆ ಉಡುಗೊರೆ ಚೀಲವೂ ಬೇಡ, ಮರುದಿನ ಕಸದ ಬುಟ್ಟಿ ತುಂಬುವ ತೋರಣವೂ ಬೇಡ.

ಇವತ್ತು ಗಿರಗಿಟ್ಲೆ ಮಾಡಿದೆವು. 15 ಸೆಂಟಿಮೀಟರಿನ ಚೌಕ ಹಾಳೆ, ನಾಲ್ಕೂ ಮೂಲೆಯಿಂದ ನಡುವಿನ ಕಡೆಗೆ ಮೂರರಲ್ಲಿ ಎರಡು ಪಾಲಿನಷ್ಟು ಕತ್ತರಿಸಬೇಕು. ಆಮೇಲೆ ಒಂದು ಬಿಟ್ಟು ಒಂದು ತುದಿಯನ್ನು ನಡುವಿಗೆ ತಂದು ಗುಂಡುಪಿನ್ನು ಚುಚ್ಚಬೇಕು. ಕೋಲಿನ ಬದಲು ರಬ್ಬರ್ ಇರುವ ಹೊಸ ಪೆನ್ಸಿಲ್ ತೆಗೆದುಕೊಂಡೆವು. ಪಿನ್ನು ಆ ರಬ್ಬರಿನೊಳಗೆ ಗಟ್ಟಿಯಾಗಿ ಕೂರುತ್ತದೆ. ಗಿರಗಿಟ್ಲೆ ಹರಿದುಹೋದರೂ ಪೆನ್ಸಿಲ್ ಶಾಲೆಗೆ ಹೋಗುತ್ತದೆ, ಅಲ್ವಾ?

ಗಿರಗಿಟ್ಲೆ ತಿರುಗುವ ಗುಟ್ಟು ಇರುವುದು ಒಂದು ಸಣ್ಣ ಮಣಿಯಲ್ಲಿ. ಹಾಳೆಗೂ ರಬ್ಬರಿಗೂ ನಡುವೆ ಪಿನ್ನಿಗೆ ಒಂದು ಮಣಿ ಪೋಣಿಸಬೇಕು. ಮಣಿ ಇಲ್ಲದಿದ್ದರೆ ಹಾಳೆಯ ಬೆನ್ನು ರಬ್ಬರಿಗೆ ಉಜ್ಜಿ ಅಲ್ಲೇ ನಿಂತುಬಿಡುತ್ತದೆ. ಮಣಿ ಹಾಕಿದರೆ ಮಗುವಿನ ಉಸಿರಿಗೂ ಗಿರ್ರನೆ ತಿರುಗುತ್ತದೆ. ಮಗಳು ಮಣಿ ಹಾಕಿದ್ದು, ಹಾಕದ್ದು ಎರಡನ್ನೂ ಊದಿ ನೋಡಿದಳು. ಅಲ್ಲಿಂದ ಮುಂದೆ ಮಣಿ ಪೋಣಿಸುವ ಕೆಲಸ ಪೂರ್ತಿ ಅವಳದ್ದೇ ಆಯಿತು, ನನ್ನನ್ನು ಹತ್ತಿರಕ್ಕೂ ಬಿಡಲಿಲ್ಲ.

ಆ ಇಬ್ಬರು ಪುಟಾಣಿಗಳಿಗೆ ಮಾತ್ರ ಪಿನ್ನು, ಮಣಿ ಯಾವುದೂ ಬೇಡ. ಅವರಿಗೆ ಮಡಿಕೆ ಮಡಿಕೆಯಾಗಿ ಮಡಿಸಿ ಬುಡಕ್ಕೆ ದಾರ ಬಿಗಿದ ಬೀಸಣಿಗೆ. ಮಡಿಸುವ ಕೆಲಸಕ್ಕೆ ಕೂರುವವರಿಗೆ ಒಂದು ಮಾತು ಹೇಳಬೇಕು. ಕಾರ್ಖಾನೆಯಲ್ಲಿ ಕಾಗದ ತಯಾರಾಗುವಾಗ ಅದರ ನಾರುಗಳು ಯಂತ್ರ ಓಡುವ ದಿಕ್ಕಿಗೇ ಜಾಸ್ತಿ ಮಲಗಿರುತ್ತವೆ. ಆ ದಿಕ್ಕಿಗೆ ಮಡಿಸಿದರೆ ಮಡಿಕೆ ನೇರವಾಗಿ ಕೂರುತ್ತದೆ. ಅಡ್ಡಕ್ಕೆ ಮಡಿಸಿದರೆ ದಪ್ಪ ಹಾಳೆಯ ಬಣ್ಣ ಬಿರುಕು ಬಿಡುತ್ತದೆ. ಹಾಳೆಯನ್ನು ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಅದೇ ಮಡಿಸುವ ಕಡೆ.

12 ಫೆಬ್ರವರಿ, ಬುಧವಾರ

ಶಾಲೆಯಿಂದ ಬಂದವಳೇ ಹಳೇ ಬಣ್ಣದ ಡಬ್ಬಿ ಸುರಿದಳು. ಮುರಿದ ಕ್ರೇಯಾನ್ ತುಂಡುಗಳು ಎಲ್ಲರ ಮನೆಯಲ್ಲೂ ಇರುತ್ತವೆ. ಎಸೆಯೋದಕ್ಕೆ ಮನಸ್ಸು ಬರಲ್ಲ, ಹಿಡಿದು ಬರೆಯೋದಕ್ಕೆ ಬೆರಳಿಗೆ ಸಾಲಲ್ಲ. ಅವನ್ನೆಲ್ಲ ಉಗುರುಬೆಚ್ಚನೆಯ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿಟ್ಟೆವು. ಸುತ್ತಿದ ಕಾಗದ ತಾನೇ ಬಿಟ್ಟುಕೊಂಡಿತು. ಚೆನ್ನಾಗಿ ಒರೆಸಿ, ಚೂರು ಮಾಡಿ, ಸಿಲಿಕೋನ್ ಅಚ್ಚಿಗೆ ತುಂಬಿ, ಓವನ್‌ನಲ್ಲಿ 120 ಡಿಗ್ರಿ ಸೆಲ್ಸಿಯಸ್‌ಗೆ ಹದಿನೈದು ನಿಮಿಷ ಇಟ್ಟೆ. ಕರಗಿದ ಮೇಲೆ ಅಚ್ಚನ್ನು ಅಲ್ಲಾಡಿಸದೆ ಆರಲು ಬಿಡಬೇಕು. ಅಲ್ಲಾಡಿದರೆ ಬಣ್ಣಗಳೆಲ್ಲ ಬೆರೆತು ಮಣ್ಣುಬಣ್ಣವಾಗುತ್ತವೆ. ತಣ್ಣಗಾದ ಮೇಲೆ ಒತ್ತಿದರೆ ನಕ್ಷತ್ರ, ಮೀನು ಹೊರಗೆ ಬಂದವು. ಒಂದೊಂದರಲ್ಲೂ ಮೂರು ನಾಲ್ಕು ಬಣ್ಣ. ಒಂದೇ ಗೆರೆ ಎಳೆದರೆ ಮಧ್ಯದಲ್ಲಿ ನೀಲಿ ಹೋಗಿ ಹಸಿರು ಬರುತ್ತದೆ. ಈ ಅಚ್ಚನ್ನು ಇನ್ನು ತಿಂಡಿಗೆ ಬಳಸಬಾರದು. ಅದಕ್ಕೇ ಬೇರೆಯದೊಂದು ಇಟ್ಟುಕೊಂಡಿದ್ದೇನೆ.

ಈ ನಕ್ಷತ್ರಗಳನ್ನು ಚಿಕ್ಕ ಚಿಕ್ಕ ಕಾಗದದ ಪೊಟ್ಟಣದಲ್ಲಿ ಹಾಕಿ, ದಾರಕ್ಕೆ ಸಾಲಾಗಿ ಬಟ್ಟೆ ಕ್ಲಿಪ್‌ನಿಂದ ಸಿಕ್ಕಿಸುತ್ತೇವೆ. ತೋರಣದ ಬದಲು ಪೊಟ್ಟಣಗಳ ಸಾಲು. ಪ್ರತಿ ಪೊಟ್ಟಣದ ಮೇಲೂ ಬರುವ ಮಗುವಿನ ಹೆಸರನ್ನು ಮಗಳೇ ಬರೆಯುತ್ತಿದ್ದಾಳೆ. ಅಕ್ಷರ ಒಂದು ದೊಡ್ಡದು, ಇನ್ನೊಂದು ಚಿಕ್ಕದು. ನಾನು ತಿದ್ದುವುದಿಲ್ಲ. ಅವಳ ಗೆಳತಿಗೆ ಅವಳ ಅಕ್ಷರ ಬೇಕು, ನನ್ನದಲ್ಲ.

ಆಡುವ ಹಿಟ್ಟನ್ನೂ ಇವತ್ತೇ ಕಾಯಿಸಿ ಡಬ್ಬಿಗೆ ತುಂಬಿದೆ. ಪ್ಲೇ-ಡೋ ಅಂತ ಎಲ್ಲರೂ ಕರೆಯುವ ಆ ಹಿಟ್ಟಿನ ಹುಟ್ಟು ನನಗೆ ಬಹಳ ಇಷ್ಟ. ಮೊದಲು ಅದು ಆಟಿಕೆಯೇ ಆಗಿರಲಿಲ್ಲ. ಅಮೆರಿಕದ ಸಿನ್ಸಿನಾಟಿಯಲ್ಲಿ, ಗೋಡೆಗೆ ಅಂಟಿಸುವ ಕಾಗದದ ಮೇಲಿನ ಕಲ್ಲಿದ್ದಲಿನ ಮಸಿ ಒರೆಸುವ ಮುದ್ದೆಯಾಗಿ ಮಾರುತ್ತಿದ್ದರು. ಮಸಿ ಕಾರುವ ಒಲೆಗಳು ಕಡಿಮೆಯಾದ ಮೇಲೆ ಅದು ಯಾರಿಗೂ ಬೇಡವಾಯಿತು. ಶಿಶುವಿಹಾರದ ಶಿಕ್ಷಕಿಯೊಬ್ಬರು ಅದನ್ನು ಮಕ್ಕಳ ಕೈಗೆ ಕೊಟ್ಟು ನೋಡಿದರು. 1956ರಲ್ಲಿ ಅದು ಆಟಿಕೆಯಾಗಿ ಮಾರಾಟಕ್ಕೆ ಬಂತು. ಮಕ್ಕಳ ಕೈಗೆ ಏನು ಹಿಡಿಸುತ್ತದೆ ಅನ್ನುವುದು ಮಕ್ಕಳ ಜೊತೆ ದಿನವಿಡೀ ಇರುವವರಿಗೆ ಗೊತ್ತಾಯಿತು, ನೋಡಿ.

15 ಫೆಬ್ರವರಿ, ಶನಿವಾರ

ಬಣ್ಣದ ದಿನ. ಕಪ್‌ಕೇಕ್‌ಗಳು ಬೆಳಿಗ್ಗೆಯೇ ಬೆಂದವು, 180 ಡಿಗ್ರಿಗೆ ಹದಿನೆಂಟು ನಿಮಿಷ. ಅದರ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಮಜಾ ಇದ್ದದ್ದು ಐಸಿಂಗ್‌ನಲ್ಲಿ. ಮೆತ್ತಗಾದ ಬೆಣ್ಣೆ 200 ಗ್ರಾಂ, ಜರಡಿ ಹಿಡಿದ ಸಕ್ಕರೆ ಪುಡಿ 400 ಗ್ರಾಂ. ಬೆಣ್ಣೆಯನ್ನು ಮೊದಲು ಬೆಳ್ಳಗಾಗುವ ತನಕ ಕಡೆದು, ಆಮೇಲೆ ಸಕ್ಕರೆ. ಇದನ್ನು ಮೂರು ಬಟ್ಟಲಿಗೆ ಹಂಚಿದೆ.

ಹಳದಿಗೆ ಚಿಟಿಕೆ ಅರಿಶಿನ. ಅದಕ್ಕಿಂತ ಹೆಚ್ಚು ಹಾಕಿದರೆ ವಾಸನೆ ಬರುತ್ತದೆ. ಗುಲಾಬಿಗೆ ಬೀಟ್‌ರೂಟ್ ರಸವನ್ನು ಸಣ್ಣ ಉರಿಯಲ್ಲಿ ಸ್ವಲ್ಪವೇ ಗಟ್ಟಿ ಮಾಡಿಕೊಂಡೆ. ಬೀಟ್‌ರೂಟಿನ ಬಣ್ಣ ಜಾಸ್ತಿ ಶಾಖ ತಡೆಯುವುದಿಲ್ಲ. ಕೇಕಿನ ಹಿಟ್ಟಿಗೆ ಬೆರೆಸಿ ಬೇಯಿಸಿದರೆ ಕಂದಾಗುತ್ತದೆ. ಐಸಿಂಗ್‌ಗೆ ಹಾಕಿದರೆ ಆ ಚೆಲುವು ಹಾಗೇ ಉಳಿಯುತ್ತದೆ.

ನೀಲಿಗೆ ನೇರಳೆ ಎಲೆಕೋಸು. ಹೆಚ್ಚಿ, ಮುಳುಗುವಷ್ಟೇ ನೀರಲ್ಲಿ ಕುದಿಸಿ, ಸೋಸಿ, ಆ ನೇರಳೆ ನೀರನ್ನು ಒಂದೆರಡು ಚಮಚಕ್ಕೆ ಇಳಿಯುವ ತನಕ ಬತ್ತಿಸಬೇಕು. ಆಮೇಲೆ ಅಡುಗೆ ಸೋಡಾವನ್ನು ಚಾಕುವಿನ ತುದಿಯಲ್ಲಿ ಎಷ್ಟು ಬರುತ್ತದೋ ಅಷ್ಟು ಮಾತ್ರ. ಬಟ್ಟಲಿನ ನಡುವಿನಿಂದ ನೀಲಿ ಹರಡುವುದನ್ನು ಮಗಳು ಮೇಜಿಗೆ ಗಲ್ಲ ಊರಿಕೊಂಡು ನೋಡಿದಳು. ಇನ್ನೊಂದು ಲೋಟದಲ್ಲಿ ಅದೇ ನೀರಿಗೆ ನಿಂಬೆರಸ ಹಿಂಡಿಸಿದೆ. ಅದು ಗುಲಾಬಿಯಾಯಿತು. "ಅಮ್ಮ, ನಾಳೆ ಇದನ್ನು ಎಲ್ಲರೆದುರಿಗೆ ನಾನೇ ಮಾಡ್ತೀನಿ" ಅಂದಳು. ಜಾದೂಗಾರರನ್ನು ಕರೆಸುವ ಯೋಚನೆ ಮನೆಯಲ್ಲಿ ಒಮ್ಮೆ ಬಂದಿತ್ತು. ಇನ್ನು ಅದರ ಅಗತ್ಯವೇ ಇಲ್ಲ. ಎಲೆಕೋಸಿನ ಬಣ್ಣಕ್ಕೆ ಹುಳಿ ಸಿಕ್ಕರೆ ಕೆಂಪು ಕಡೆಗೆ, ಸೋಡಾದಂಥ ಕ್ಷಾರ ಸಿಕ್ಕರೆ ನೀಲಿ ಕಡೆಗೆ ತಿರುಗುವ ಗುಣ ಇದೆ. ಸೋಡಾ ಜಾಸ್ತಿಯಾದರೆ ಹಸಿರಾಗುತ್ತದೆ, ನಾಲಿಗೆಗೂ ಸೋಡಾ ಹತ್ತುತ್ತದೆ.

ಸಂಜೆ ಇವರು ಬಲೂನು ಊದಲು ಕೂತರು, ಕೈಪಂಪಿನಿಂದ. ಮೇಲೆ ಕಟ್ಟಬೇಕಾದ ಅಲಂಕಾರ ಅಂತ ಈ ಮನೆಯಲ್ಲಿ ಇರುವುದು ಬಲೂನು ಒಂದೇ. ಅದಕ್ಕೆ ಕಾರಣ ಇದೆ. ಊದದ ಬಲೂನು, ಒಡೆದ ಬಲೂನಿನ ಚೂರು ಚಿಕ್ಕ ಮಕ್ಕಳ ಗಂಟಲಿಗೆ ಅಂಟಿಕೊಂಡು ಉಸಿರು ಕಟ್ಟಿಸಬಲ್ಲದು. ಎಂಟು ವರ್ಷದ ಒಳಗಿನ ಮಕ್ಕಳಿಗೆ ಅಪಾಯ ಅಂತ ಪೊಟ್ಟಣದ ಮೇಲೇ ಎಚ್ಚರಿಕೆ ಇರುತ್ತದೆ. ಓದಿ ಬಿಟ್ಟುಬಿಡುವ ಮಾತಲ್ಲ ಅದು. ಒಡೆದ ಕೂಡಲೇ ಚೂರುಗಳನ್ನೆಲ್ಲ ಆರಿಸುವ ಜವಾಬ್ದಾರಿ ಇವರದು ಅಂತ ತೀರ್ಮಾನವಾಗಿದೆ.

ಹೀಲಿಯಂ ಬೇಡ ಅಂದೆ. ಅದರ ಅಣು ಎಷ್ಟು ಚಿಕ್ಕದೆಂದರೆ ರಬ್ಬರಿನ ಮೂಲಕವೇ ನುಸುಳಿ ಹೋಗುತ್ತದೆ. ಸಾಧಾರಣ ಗಾತ್ರದ ರಬ್ಬರ್ ಬಲೂನು ಒಂದು ದಿನದೊಳಗೇ ಇಳಿದುಬಿಡುತ್ತದೆ. ಗಾಳಿ ತುಂಬಿದ್ದು ದಿನಗಟ್ಟಲೆ ಇರುತ್ತದೆ. ಮೊದಲ ರಬ್ಬರ್ ಬಲೂನು ಮಾಡಿದ್ದು ಮೈಕೆಲ್ ಫ್ಯಾರಡೆ, 1824ರಲ್ಲಿ, ಲಂಡನ್ನಿನಲ್ಲಿ. ಅನಿಲಗಳ ಪ್ರಯೋಗಕ್ಕೆ ಅಂತ ಎರಡು ರಬ್ಬರ್ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಅಂಚು ಒತ್ತಿ ಅಂಟಿಸಿದರು. ಒಳಗೆ ಅಂಟಿಕೊಳ್ಳದಿರಲಿ ಅಂತ ಹಿಟ್ಟು ಸವರಿದ್ದರು. ಅದೂ ಕೈಯಲ್ಲೇ ಮಾಡಿದ ಬಲೂನು! ಇದನ್ನು ಹೇಳಿದಾಗ ಮಗಳು ಕೇಳಿದ್ದು ಒಂದೇ: "ಅವರ ಹುಟ್ಟುಹಬ್ಬಕ್ಕಾ?"

ಕಿತ್ತಳೆ ಹಣ್ಣನ್ನು ಬಲೂನುಗಳ ಹತ್ತಿರ ಬಿಡಿಸಬೇಡಿ. ಸಿಪ್ಪೆಯ ಎಣ್ಣೆ ರಬ್ಬರನ್ನು ಕರಗಿಸುತ್ತದೆ. ಸಿಪ್ಪೆ ಹಿಂಡಿದಾಗ ಚಿಮ್ಮುವ ಹನಿ ತಗುಲಿದರೂ ಸಾಕು, ಢಂ ಅನ್ನಬಹುದು.

16 ಫೆಬ್ರವರಿ, ಭಾನುವಾರ, ರಾತ್ರಿ

ಮನೆ ಈಗ ಖಾಲಿ. ಬರೆಯದೆ ಮಲಗಲು ಮನಸ್ಸಾಗುತ್ತಿಲ್ಲ.

ಬಂದ ಮಕ್ಕಳು ಮೊದಲು ಹೋದದ್ದು ಕಿಟಕಿಯ ಕೆಳಗಿನ ಉದ್ದನೆ ಪೆಟ್ಟಿಗೆಯ ಹತ್ತಿರ. ಅದರಲ್ಲಿ ಗಿರಗಿಟ್ಲೆಗಳನ್ನು ನೆಟ್ಟಿದ್ದೆವು. ಕಿಟಕಿ ತೆರೆದಿದ್ದರಿಂದ ಎಲ್ಲವೂ ಒಟ್ಟಿಗೆ ತಿರುಗುತ್ತಿದ್ದವು. ಒಬ್ಬ ಹುಡುಗ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. "ಮುಟ್ಟಬಹುದಾ ಆಂಟಿ?" ಅಂತ ಕೇಳಿದ. "ನಿಂದೇ ಕಣೋ, ಯಾವುದು ಬೇಕೋ ತಗೋ" ಅಂದೆ. ಅಲ್ಲಿಂದ ಅವನನ್ನು ಹಿಡಿಯುವವರೇ ಇರಲಿಲ್ಲ. ಈ ಒಂದು ಪ್ರಶ್ನೆಗೆ ಹೌದು ಅನ್ನಬೇಕು ಅಂತಲೇ ವಾರವಿಡೀ ಕೂತು ಮಡಿಸಿದ್ದು.

ಎಲೆಕೋಸಿನ ನೀರಿಗೆ ಭಾರೀ ಚಪ್ಪಾಳೆ. ಮೂರು ಸಲ ಮತ್ತೆ ಮಾಡಿಸಿದರು.

ತಿಂಡಿಯ ಮೇಜನ್ನೂ ತಗ್ಗಿನಲ್ಲೇ ಇಟ್ಟಿದ್ದೆವು. ಕೈಗೆ ಎಟುಕುತ್ತದೆ ಅಂದ ಮೇಲೆ ಅಲ್ಲಿ ಇಡುವುದರ ಬಗ್ಗೆ ಇನ್ನೂ ಹುಷಾರಾಗಿರಬೇಕು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿದ್ದೆ. ಇಡೀ ದ್ರಾಕ್ಷಿ ಪುಟ್ಟ ಮಕ್ಕಳ ಗಂಟಲಿಗೆ ಸರಿಯಾಗಿ ಕೂತುಬಿಡುವ ಅಳತೆಯದು. ಪಾಪ್‌ಕಾರ್ನ್ ಕೂಡ ನಾಲ್ಕು ವರ್ಷದ ಒಳಗಿನವರಿಗೆ ಕೊಡಬಾರದು. ಆದ್ದರಿಂದ ಅದನ್ನು ಮೇಜಿನ ಮೇಲೆ ಇಡದೆ, ದೊಡ್ಡ ಮಕ್ಕಳಿಗೆ ನಾನೇ ಕೈಯಾರೆ ಹಂಚಿದೆ. ಕಡಲೆಬೀಜ, ಬಾದಾಮಿ ಯಾವುದನ್ನೂ ಬಳಸಿರಲಿಲ್ಲ. ಯಾವ ಮಗುವಿಗೆ ಏನು ಆಗಿಬರುವುದಿಲ್ಲ ಅಂತ ಕರೆಯುವಾಗಲೇ ಅಮ್ಮಂದಿರನ್ನು ಕೇಳಿಟ್ಟುಕೊಂಡಿದ್ದೆ.

ಮೇಣದಬತ್ತಿಯನ್ನು ಒಂದು ಪುಟ್ಟ ಕಪ್‌ಕೇಕಿನ ಮೇಲೆ ಇಟ್ಟು ಅದನ್ನು ಬೇರೆ ತಟ್ಟೆಯಲ್ಲಿ ತಂದೆವು. ಮಗಳು ಊದಿದಳು, ಆ ಕೇಕು ಅವಳದ್ದೇ. 2017ರಲ್ಲಿ ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದವರು ಮೇಣದಬತ್ತಿ ಊದಿದ ಐಸಿಂಗ್ ಪರೀಕ್ಷಿಸಿದಾಗ, ಊದದ ಐಸಿಂಗ್‌ಗಿಂತ ಬ್ಯಾಕ್ಟೀರಿಯಾ ಸರಾಸರಿ ಶೇ. 1,400ರಷ್ಟು ಹೆಚ್ಚು ಸಿಕ್ಕಿತ್ತು. ಆರೋಗ್ಯವಾಗಿರುವ ಮಕ್ಕಳಿಗೆ ದೊಡ್ಡ ಅಪಾಯವೇನಲ್ಲ. ಆದರೂ ಮಕ್ಕಳು ಶೀತ ಕೆಮ್ಮು ಹಂಚಿಕೊಳ್ಳುವುದು ಸಾಲದೇ? ಬೇರೆ ಕೇಕಿಗೆ ಖರ್ಚೇನೂ ಇಲ್ಲ.

ಒಬ್ಬರು ಅಜ್ಜಿ, "ಇಷ್ಟು ಸಕ್ಕರೆ ತಿಂದರೆ ಇನ್ನು ಕುಣಿದಾಡಿಬಿಡ್ತಾರೆ" ಅಂದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. 1995ರಲ್ಲಿ, ಇಂಥ 23 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವೈದ್ಯರಿಗೆ ಸಕ್ಕರೆಯಿಂದ ಮಕ್ಕಳ ನಡವಳಿಕೆ ಬದಲಾಗುತ್ತದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಹಲ್ಲಿಗಾಗಿ, ಹೊಟ್ಟೆಗಾಗಿ ಸಕ್ಕರೆ ಕಡಿಮೆ ಮಾಡೋಣ. ಕುಣಿತಕ್ಕೆ ಮಾತ್ರ ಅದನ್ನು ಬೈಯುವುದು ಬೇಡ. ಹನ್ನೆರಡು ಗೆಳೆಯರು ಒಂದೇ ಕೋಣೆಯಲ್ಲಿ ಸೇರಿದರೆ ಕುಣಿಯದೆ ಇರುತ್ತಾರಾ?

ಹೊರಡುವ ಹೊತ್ತಿಗೆ ದಾರದ ಮೇಲೆ ಬರೀ ಕ್ಲಿಪ್ಪುಗಳು. ತಮ್ಮ ಹೆಸರಿನ ಪೊಟ್ಟಣ ಹುಡುಕುವುದೇ ಅವರಿಗೆ ಕೊನೆಯ ಆಟವಾಯಿತು. ಇನ್ನೂ ಓದಲು ಬಾರದವರಿಗೆ ಮಗಳು ಓದಿ ಹೇಳಿದಳು.

ಆಡುವ ಹಿಟ್ಟಿನ ಅಳತೆ ಕೇಳಿ ಆಗಲೇ ಮೂವರು ಅಮ್ಮಂದಿರು ಸಂದೇಶ ಕಳಿಸಿದ್ದಾರೆ. ಎಲ್ಲರಿಗೂ ಇಲ್ಲೇ ಕೊಟ್ಟುಬಿಡುತ್ತೇನೆ. ಒಂದು ಕಪ್ ಮೈದಾ, ಅರ್ಧ ಕಪ್ ಪುಡಿ ಉಪ್ಪು, ಒಂದು ಕಪ್ ನೀರು, ಒಂದು ದೊಡ್ಡ ಚಮಚ ಎಣ್ಣೆ, ಎರಡು ಚಿಕ್ಕ ಚಮಚ ಕ್ರೀಮ್ ಆಫ್ ಟಾರ್ಟರ್ (ಬೇಕಿಂಗ್‌ಗೆ ಬಳಸುವ ಬಿಳಿ ಹುಳಿ ಪುಡಿ), ಬೇಕಾದ ಬಣ್ಣ. ಎಲ್ಲವನ್ನೂ ಗಂಟಿಲ್ಲದೆ ಕಲಸಿಕೊಂಡು, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ತಳ ಬಿಟ್ಟು ಮುದ್ದೆಯಾದ ಕೂಡಲೇ ಇಳಿಸಿ, ಕೈ ತಾಳುವಷ್ಟು ಆರಿದ ಮೇಲೆ ನುಣ್ಣಗೆ ನಾದಿ. ಪೂರ್ತಿ ತಣ್ಣಗಾದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ. ಬಿಸಿ ಇರುವಾಗ ಮುಚ್ಚಿದರೆ ಬೆವರಿ ಅಂಟಂಟಾಗುತ್ತದೆ. ಉಪ್ಪು ಇರುವುದರಿಂದ ವಾರಗಟ್ಟಲೆ ಕೆಡುವುದಿಲ್ಲ. ಅದೇ ಉಪ್ಪಿನ ಕಾರಣಕ್ಕೆ ನಾಯಿಗೆ ಇದು ವಿಷ, ಮನೆಯಲ್ಲಿ ನಾಯಿ ಇದ್ದವರು ಡಬ್ಬಿಯನ್ನು ಮೇಲೆ ಎತ್ತಿಡಿ.